ಸಿಟ್ಟು ನುಂಗಿಕೊಂಡರೆ ಸಾಕೇ?

ಪ್ರಶ್ನೆ: ನನಗೆ 33 ವರ್ಷ. ಡಿಪ್ಲೊಮಾ ಮುಗಿಸಿ ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ನನ್ನ ಕೆಲಸದಲ್ಲಿ ಕುಂದಿಲ್ಲ ಎಂದು ಮೇಲಿನವರೇ ಹೇಳುತ್ತಾರೆ. ಆದರೂ ಈ ಸಲ ಬಡ್ತಿ ನನಗಿಂತ ಕಿರಿಯರಿಗೆ ಹೋಯಿತು. ಕಾರಣ ಕೇಳಿದರೆ, ‘ನಿಮ್ಮಲ್ಲಿ ಎಮೋಷನಲ್ ಇಂಟೆಲಿಜೆನ್ಸ್ ಕಡಿಮೆ’ ಎಂದರು. ಹಿಂದಿನ ತಿಂಗಳು ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ತಡವಾಗಿ ಬಂದ ಟ್ರೈನಿ ಹುಡುಗನೊಬ್ಬನ ಮೇಲೆ ಎಲ್ಲರೆದುರು ಕೂಗಾಡಿದ್ದೆ. ಅವನು ಮರುದಿನದಿಂದ ಕೆಲಸಕ್ಕೇ ಬರಲಿಲ್ಲ. ಅಂದಿನಿಂದ ಏನೇ ಆದರೂ ಬಾಯಿ ಮುಚ್ಚಿಕೊಂಡಿರುತ್ತೇನೆ. ಆದರೆ ಮನೆಗೆ ಬಂದರೆ ಸಣ್ಣದಕ್ಕೂ ಅಪ್ಪನ ಮೇಲೆ ರೇಗುತ್ತೇನೆ. ಟೊಮೆಟೊ ಬೆಳೆಯುವ ಅಪ್ಪನಿಗೂ ನನಗೂ ಈಗ ಮಾತು ಅಷ್ಟಕ್ಕಷ್ಟೆ. ‘ಜೀವನದ ಯಶಸ್ಸಿನಲ್ಲಿ ಬುದ್ಧಿಯ ಪಾಲು 20, ಭಾವನಾತ್ಮಕ ಬುದ್ಧಿಮತ್ತೆಯ ಪಾಲು 80’ ಎಂದು ಕಾರ್ಖಾನೆಯ ತರಬೇತಿಯಲ್ಲಿ ಹೇಳಿದರು. ಇದು ನಿಜವೇ? ಈ ವಯಸ್ಸಿನಲ್ಲಿ ಇದನ್ನು ಕಲಿಯಬಹುದೇ? ಹಣ ಕಟ್ಟಿ ಆನ್‌ಲೈನ್ ಪರೀಕ್ಷೆ ತೆಗೆದುಕೊಳ್ಳಬೇಕೇ?
— ಒಬ್ಬ ಓದುಗರು, ಕೋಲಾರ ತಾಲ್ಲೂಕು

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಮೂರು. ಅವುಗಳ ನಡುವೆ ನೀವು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯೂ ಇದೆ ಎಂದು ನನಗೆ ಅನ್ನಿಸುತ್ತದೆ. ಬಾಯಿ ಮುಚ್ಚಿಕೊಂಡಿರುವುದನ್ನು ರೂಢಿಸಿಕೊಂಡ ಮೇಲೂ ನೆಮ್ಮದಿ ಏಕೆ ಸಿಗಲಿಲ್ಲ ಎಂಬುದೇ ಆ ಪ್ರಶ್ನೆ. ಈ ಉತ್ತರದ ಬಹುಪಾಲನ್ನು ಅದಕ್ಕೇ ಮೀಸಲಿಡುತ್ತೇನೆ. ಅದಕ್ಕೆ ಮೊದಲು 80 ಭಾಗದ ಲೆಕ್ಕವನ್ನು ಇತ್ಯರ್ಥ ಮಾಡಿಬಿಡೋಣ, ಏಕೆಂದರೆ ಅದು ನಿಮ್ಮ ಮೇಲೆ ಹೊರಲಾರದ ಹೊರೆಯನ್ನು ಹೇರಿದೆ.

ಆ ಲೆಕ್ಕ ನಿಜವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ 1990ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಭಾವನಾತ್ಮಕ ಬುದ್ಧಿಮತ್ತೆಯನ್ನು (ಎಮೋಷನಲ್ ಇಂಟೆಲಿಜೆನ್ಸ್), ಅಂದರೆ ತನ್ನ ಮತ್ತು ಇತರರ ಭಾವನೆಗಳನ್ನು ಅರಿತು ನಡೆದುಕೊಳ್ಳುವುದನ್ನು, ಒಂದು ಸಾಮರ್ಥ್ಯವಾಗಿ ವಿವರಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಅದೇ ಹೆಸರಿನ ಪುಸ್ತಕವನ್ನು ಬರೆದು ಆ ಪರಿಕಲ್ಪನೆಯನ್ನು ಜಗತ್ತಿನ ಕಚೇರಿ, ಕಾರ್ಖಾನೆಗಳಿಗೆಲ್ಲ ಮುಟ್ಟಿಸಿದರು. ಬದುಕಿನ ಯಶಸ್ಸಿಗೆ ಐಕ್ಯೂ ಕೊಡುವ ಪಾಲು ಹೆಚ್ಚೆಂದರೆ 20 ಭಾಗ, ಉಳಿದದ್ದು ಬೇರೆ ಬೇರೆ ಕಾರಣಗಳಿಗೆ ಸೇರಿದ್ದು ಎಂಬ ಅರ್ಥದ ಮಾತು ಆ ಪುಸ್ತಕದಲ್ಲಿದೆ. ಹುಟ್ಟಿದ ಮನೆಯ ಸ್ಥಿತಿಗತಿಯಿಂದ ಹಿಡಿದು ಅದೃಷ್ಟದವರೆಗೆ ಎಲ್ಲವೂ ಆ ಉಳಿದ ಭಾಗದಲ್ಲಿವೆ. ಆದರೆ ತರಬೇತಿ ನೀಡುವವರ ಬಾಯಲ್ಲಿ ಅದು ಪೂರ್ತಿಯಾಗಿ ಭಾವನಾತ್ಮಕ ಬುದ್ಧಿಮತ್ತೆಯ ಪಾಲಾಗಿಬಿಟ್ಟಿತು. ಇದು ತಪ್ಪು ಗ್ರಹಿಕೆ ಎಂದು ಗೋಲ್‌ಮನ್ ಅವರೇ ಮುಂದೆ ಸ್ಪಷ್ಟಪಡಿಸಿದ್ದಾರೆ.

ಹಾಗಾದರೆ ಅದರ ನಿಜವಾದ ತೂಕ ಎಷ್ಟು? 42,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ, ಓದಿನ ಸಾಧನೆಗೂ ಭಾವನಾತ್ಮಕ ಬುದ್ಧಿಮತ್ತೆಗೂ ಇರುವ ಸಹಸಂಬಂಧ (ಎರಡು ಸಂಗತಿಗಳು ಒಟ್ಟಿಗೆ ಏರಿಳಿಯುವ ಅಳತೆ; ಪೂರ್ತಿ ಹೊಂದಿದರೆ 1, ನಂಟೇ ಇಲ್ಲದಿದ್ದರೆ 0) ಸುಮಾರು 0.20 ಎಂದು ಕಂಡುಬಂತು. ಇದು ಸಣ್ಣದಾದರೂ ಅಲಕ್ಷಿಸುವಂಥದ್ದಲ್ಲ. ಬುದ್ಧಿಶಕ್ತಿ ಮತ್ತು ಶ್ರದ್ಧೆಯಿಂದ ಕೆಲಸ ಮಾಡುವ ಗುಣ, ಈ ಎರಡರ ನಂತರದ ಸ್ಥಾನ ಅದರದ್ದು. ಉದ್ಯೋಗದ ವಿಷಯದಲ್ಲಿ 2010ರ ವಿಶ್ಲೇಷಣೆಯೊಂದು ಇನ್ನೂ ಉಪಯುಕ್ತವಾದ ಮಾತನ್ನು ಹೇಳುತ್ತದೆ. ದಿನವಿಡೀ ಜನರೊಂದಿಗೆ ವ್ಯವಹರಿಸಿ, ಅವರ ಮತ್ತು ತನ್ನ ಭಾವನೆಗಳನ್ನು ಸಂಭಾಳಿಸಬೇಕಾದ ಕೆಲಸಗಳಲ್ಲಿ ಈ ಸಾಮರ್ಥ್ಯ ನೆರವಾಗುತ್ತದೆ; ಅಂಥ ಅಗತ್ಯವಿಲ್ಲದ ಕೆಲಸಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ನೀವು ಯಂತ್ರದ ಮುಂದೆ ನಿಂತು ದುಡಿಯುತ್ತಿದ್ದಾಗ ಬೇಕಾಗದಿದ್ದ ಕೌಶಲ ಲೈನ್ ಸೂಪರ್‌ವೈಸರ್ ಆದ ದಿನದಿಂದ ಬೇಕಾಯಿತು ಎಂದರೆ ಸರಿಯಾದೀತು. ಅದನ್ನು ಕಲಿಸದೆಯೇ ಆ ಜಾಗದಲ್ಲಿ ಕೂರಿಸುವುದು ನಮ್ಮ ಬಹುತೇಕ ಕಾರ್ಖಾನೆಗಳಲ್ಲಿ ನಡೆದುಬಂದ ರೂಢಿ. ಚೆನ್ನಾಗಿ ಕೆಲಸ ಮಾಡುವವನಿಗೆ ಜನರನ್ನು ನಡೆಸಲು ತಾನಾಗಿಯೇ ಬರುತ್ತದೆ ಎಂದುಕೊಳ್ಳುತ್ತಾರೆ, ಬಾರದಿದ್ದಾಗ ಅದನ್ನು ಅವನ ಸ್ವಭಾವದ ದೋಷ ಎನ್ನುತ್ತಾರೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇನ್ನು ನೆಮ್ಮದಿಯ ಮಾತು. ಬದುಕಿನ ತೃಪ್ತಿಗೂ ಈ ಸಾಮರ್ಥ್ಯಕ್ಕೂ ಇರುವ ನಂಟು ಅಂಕಗಳೊಂದಿಗಿನ ನಂಟಿಗಿಂತ ಗಟ್ಟಿಯಾಗಿದೆ ಎಂದು ಅಧ್ಯಯನಗಳು ತೋರಿಸಿವೆ. ಈ ಅಧ್ಯಯನಗಳಲ್ಲಿ ಅನೇಕವು ಜನರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ನೆಚ್ಚಿಕೊಂಡಿರುವುದರಿಂದ ಆ ಅಂಕಿಗಳನ್ನು ತುಸು ಎಚ್ಚರಿಕೆಯಿಂದಲೇ ನೋಡಬೇಕು. ಆದರೂ ಕೋಲಾರದಲ್ಲಿ ಕುಳಿತು ಜನರ ಕಷ್ಟ ಕೇಳುವ ನನಗೆ ಆ ನಂಟಿನ ಬಗ್ಗೆ ಸಂದೇಹವಿಲ್ಲ. ಸಂಬಳ ಹೆಚ್ಚಿದ ಮೇಲೂ ಮನೆಯೊಳಗೆ ಕಾಲಿಡಲು ಹಿಂಜರಿಯುವವರು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ.

ಸಲೋವೆ ಮತ್ತು ಮೇಯರ್ 1997ರಲ್ಲಿ ಈ ಸಾಮರ್ಥ್ಯವನ್ನು ನಾಲ್ಕಾಗಿ ಬಿಡಿಸಿ ತೋರಿಸಿದರು: ತನ್ನಲ್ಲಿ ಮತ್ತು ಇತರರಲ್ಲಿ ಇರುವ ಭಾವನೆಯನ್ನು ಗುರುತಿಸುವುದು, ಆ ಭಾವನೆಯನ್ನು ಯೋಚನೆಗೆ ಒದಗಿಸಿಕೊಳ್ಳುವುದು, ಅದು ಎಲ್ಲಿಂದ ಬಂತು ಮತ್ತು ಎತ್ತ ಹೊರಳುತ್ತದೆ ಎಂಬುದನ್ನು ಅರಿಯುವುದು, ಕೊನೆಗೆ ಅದನ್ನು ನಿರ್ವಹಿಸುವುದು. ಈ ಅನುಕ್ರಮವನ್ನು ದಯವಿಟ್ಟು ಗಮನಿಸಿ. ನಿರ್ವಹಣೆ ಬರುವುದು ಕಟ್ಟಕಡೆಗೆ. ನೀವು ಮೊದಲ ಮೂರನ್ನು ಬಿಟ್ಟು ನೇರವಾಗಿ ನಾಲ್ಕನೆಯದಕ್ಕೆ ಕೈಹಾಕಿದ್ದೀರಿ, ಅದರಲ್ಲಿಯೂ ಬಾಯಿ ಮುಚ್ಚಿಕೊಳ್ಳುವುದೆಂಬ ಒಂದೇ ಒಂದು ಉಪಾಯವನ್ನು ಹಿಡಿದಿದ್ದೀರಿ. ನಿಮ್ಮ ತೊಳಲಾಟದ ಮೂಲ ಇಲ್ಲಿದೆ.

ಸ್ಥಳಾಭಾವದಿಂದ ಇಲ್ಲಿ ಕೊಡಲಾಗದ ಪತ್ರದ ಭಾಗದಲ್ಲಿ ನೀವು ಆ ದಿನವನ್ನು ವಿವರವಾಗಿ ಬರೆದಿದ್ದೀರಿ. ಬೆಳಗ್ಗೆ ಹತ್ತು ಗಂಟೆಯ ಮೀಟಿಂಗ್‌ನಲ್ಲಿ, ಹಿಂದಿನ ದಿನ ಅಷ್ಟೊಂದು ಪೀಸ್ ರಿಜೆಕ್ಟ್ ಆದದ್ದು ಏಕೆ ಎಂದು ಮ್ಯಾನೇಜರ್ ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ಕೇಳಿದರು. ಕಾರಣ ನಿಮಗೆ ಗೊತ್ತಿತ್ತು. ಪೀಸನ್ನು ಹಿಡಿದಿಡುವ ಫಿಕ್ಸ್ಚರ್ ಸವೆದಿತ್ತು, ಬದಲಾಯಿಸಿ ಎಂದು ನೀವು ಎರಡು ವಾರ ಮೊದಲೇ ಬರೆದುಕೊಟ್ಟಿದ್ದಿರಿ. ಆದರೆ ಆ ಕ್ಷಣದಲ್ಲಿ ಇಂಗ್ಲಿಷ್ ಮಾತು ಕೂಡಿ ಬರಲಿಲ್ಲ. ‘ಸಾರಿ ಸರ್’ ಎಂದಷ್ಟೇ ಹೇಳಿ ಕುಳಿತಿರಿ. ಮಧ್ಯಾಹ್ನ ಕ್ಯಾಂಟೀನಿಗೆ ಹೋಗಲು ಮನಸ್ಸಾಗಲಿಲ್ಲ. ಎರಡು ಗಂಟೆಗೆ ಮೊದಲ ಶಿಫ್ಟಿನವರು ಬಸ್ಸು ಹೊರಟುಬಿಡುತ್ತದೆಂದು ಗ್ಲೌಸ್ ಬಿಚ್ಚಿಟ್ಟು ನಿಂತಿದ್ದರು, ಬೋರ್ಡಿನ ಮೇಲೆ ಕೊನೆಯ ಗಂಟೆಯ ಲೆಕ್ಕ ಟಾರ್ಗೆಟ್‌ಗಿಂತ ಕೆಳಗಿತ್ತು, ಒಂದು ಸ್ಟೇಷನ್ ಖಾಲಿ ಇತ್ತು. ಎರಡೂ ಹತ್ತಕ್ಕೆ ಆ ಹುಡುಗ ಓಡೋಡಿ ಬಂದು, ‘ಬಸ್ ಮಿಸ್ ಆಯ್ತು ಸಾರ್’ ಎಂದ. ಆಗ ನೀವು ಕೂಗಿದಿರಿ.

ನೀವು ಇದನ್ನು ‘ಸಿಟ್ಟು ತಡೆಯಲಾಗಲಿಲ್ಲ’ ಎಂದು ಬರೆದಿದ್ದೀರಿ. ನನಗೆ ಅದು ಬೇರೆಯಾಗಿ ಕಾಣುತ್ತದೆ. ಹತ್ತು ಗಂಟೆಗೆ ನಿಮಗಾದದ್ದು ಅವಮಾನ. ತಪ್ಪು ನಿಮ್ಮದಲ್ಲವೆಂದು ಗೊತ್ತಿದ್ದೂ ಹೇಳಲಾಗದೆ ಹೋದ ಕಾರಣ ಅದರ ಜೊತೆಗೆ ಅನ್ಯಾಯವಾಯಿತೆಂಬ ಕುದಿತವೂ ಸೇರಿಕೊಂಡಿತು. ಇಂಗ್ಲಿಷ್ ಬಾರದ ಕೀಳರಿಮೆ ಅದರ ಅಡಿಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಹಸಿವು, ಎರಡು ಗಂಟೆಗೆ ಟಾರ್ಗೆಟ್ ತಪ್ಪಿ ಮತ್ತೆ ಮರುದಿನ ಅದೇ ಮೀಟಿಂಗ್‌ನಲ್ಲಿ ನಿಲ್ಲಬೇಕಾದೀತೆಂಬ ಭಯ. ಇವೆಲ್ಲವೂ ನಾಲ್ಕು ಗಂಟೆಗಳ ಕಾಲ ಹೆಸರಿಲ್ಲದೆ ನಿಮ್ಮೊಳಗೆ ಸುತ್ತಾಡಿ, ನಿಮಗಿಂತ ಕೆಳಗಿನ ಸ್ಥಾನದಲ್ಲಿ ಒಬ್ಬನು ಸಿಕ್ಕ ಕೂಡಲೇ ಸಿಟ್ಟಿನ ವೇಷದಲ್ಲಿ ಹೊರಬಿದ್ದವು. ಆ ಹುಡುಗ ಹತ್ತು ನಿಮಿಷ ತಡವಾಗಿ ಬಂದದ್ದು ತಪ್ಪೇ ಹೌದು. ಆದರೆ ಅವನ ಮೇಲೆ ಬಿದ್ದ ಬೈಗುಳದಲ್ಲಿ ಅವನ ಪಾಲು ಬಹಳ ಕಡಿಮೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಭಾವನೆಗೆ ಸರಿಯಾದ ಹೆಸರಿಡುವುದೇ ಅದರ ಕಾವನ್ನು ಸ್ವಲ್ಪ ಇಳಿಸುತ್ತದೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ನಡೆಸಿದ ಪ್ರಯೋಗದಲ್ಲಿ, ಕೋಪ ಅಥವಾ ಭಯ ತುಂಬಿದ ಮುಖಗಳ ಚಿತ್ರಗಳನ್ನು ನೋಡುವಾಗ ಆ ಭಾವನೆಯ ಹೆಸರನ್ನು ಆರಿಸಿದವರ ಮಿದುಳಿನಲ್ಲಿ, ಅಪಾಯ ಕಂಡೊಡನೆ ಚುರುಕಾಗುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿತು. ಹಣೆಯ ಹಿಂದಿರುವ, ಪದ ಮತ್ತು ವಿವೇಚನೆಗೆ ಸಂಬಂಧಿಸಿದ ಭಾಗದ ಚಟುವಟಿಕೆ ಏರಿತು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದು ಇನ್ನೊಂದು ಸಂಗತಿ: ತಮ್ಮ ಅಹಿತಕರ ಭಾವನೆಗಳನ್ನು ಒಂದರಿಂದ ಒಂದು ಬೇರ್ಪಡಿಸಿ ಹೇಳಬಲ್ಲವರು, ಎಲ್ಲವನ್ನೂ ‘ತಲೆಕೆಟ್ಟಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವವರಿಗಿಂತ, ತೀವ್ರವಾದ ಭಾವನೆಗಳನ್ನು ನಿಭಾಯಿಸಲು ಹೆಚ್ಚು ಬಗೆಯ ದಾರಿಗಳನ್ನು ಬಳಸುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹಸಿವಾಗಿದ್ದರೆ ಊಟ ಮಾಡಬೇಕು, ಭಯವಾಗಿದ್ದರೆ ಯಾವುದಕ್ಕೆ ಹೆದರಿದ್ದೇವೆಂದು ನೋಡಿ ಸಿದ್ಧತೆ ಮಾಡಿಕೊಳ್ಳಬೇಕು, ಅನ್ಯಾಯವಾಗಿದ್ದರೆ ಅನ್ಯಾಯ ಮಾಡಿದವರ ಬಳಿ ಹೋಗಿ ಹೇಳಬೇಕು, ಅವಮಾನವಾಗಿದ್ದರೆ ನಮ್ಮನ್ನು ಬಲ್ಲವರೊಬ್ಬರ ಹತ್ತಿರ ಅದನ್ನು ಹೇಳಿಕೊಳ್ಳಬೇಕು. ಎಲ್ಲಕ್ಕೂ ಸಿಟ್ಟು ಎಂದೇ ಹೆಸರಿಟ್ಟರೆ ಉಳಿಯುವ ದಾರಿಗಳು ಎರಡೇ: ಕೂಗುವುದು ಅಥವಾ ನುಂಗುವುದು. ನೀವು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಬಂದಿದ್ದೀರಿ.

ನುಂಗುವುದರ ಬೆಲೆ ಏನೆಂಬುದನ್ನು ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಮನ ಕಲಕುವ ದೃಶ್ಯಗಳನ್ನು ನೋಡುವಾಗ ಮುಖದಲ್ಲಿ ಏನನ್ನೂ ತೋರಗೊಡದಂತೆ ಕುಳಿತವರಿಗೆ ಒಳಗಿನ ಸಂಕಟ ಕಡಿಮೆಯಾಗಲಿಲ್ಲ, ಹೃದಯ ಮತ್ತು ರಕ್ತನಾಳಗಳ ಮೇಲಿನ ಒತ್ತಡ ಮಾತ್ರ ಹೆಚ್ಚಾಯಿತು. ಹಾಗೆ ತಡೆದುಕೊಂಡು ಕುಳಿತವರಿಗೆ ಆ ಹೊತ್ತಿನಲ್ಲಿ ಹೇಳಿದ ವಿವರಗಳು ಕೂಡ ಸರಿಯಾಗಿ ನೆನಪಿನಲ್ಲಿ ಉಳಿಯಲಿಲ್ಲ. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವಂತೂ ನಿಮ್ಮ ಮನೆಯ ಕಥೆಯನ್ನೇ ಹೇಳುವಂತಿದೆ. ಪರಸ್ಪರ ಪರಿಚಯವಿಲ್ಲದ ಇಬ್ಬಿಬ್ಬರು ಮಹಿಳೆಯರಿಗೆ ಮನಸ್ಸು ಕದಡುವ ಚಿತ್ರವೊಂದನ್ನು ತೋರಿಸಿ, ಅದರ ಬಗ್ಗೆ ಮಾತನಾಡಲು ಬಿಡಲಾಯಿತು. ಒಬ್ಬಾಕೆ ತನ್ನ ಭಾವನೆಯನ್ನು ಅದುಮಿಟ್ಟುಕೊಂಡು ಮಾತನಾಡಿದಾಗ ಎದುರಿಗಿದ್ದಾಕೆಯ ರಕ್ತದೊತ್ತಡವೂ ಏರಿತು. ನಾವು ನುಂಗಿಕೊಂಡದ್ದು ನಮ್ಮೊಬ್ಬರ ಸಂಕಟವಾಗಿ ಉಳಿಯುವುದಿಲ್ಲ, ಪಕ್ಕದಲ್ಲಿ ಕುಳಿತವರ ಮೈಗೂ ಅದು ತಾಗುತ್ತದೆ.

ಇಲ್ಲೊಂದು ಮಾತನ್ನು ಸೇರಿಸಲೇಬೇಕು. ಹಿರಿಯರ ಮುಂದೆ ತುಸು ತಡೆದು ಮಾತನಾಡುವ ನಮ್ಮ ಪದ್ಧತಿಯೆಲ್ಲವೂ ಹಾನಿಕರವೆಂದು ನಾನು ಹೇಳುತ್ತಿಲ್ಲ. ಭಾವನೆಗಳನ್ನು ತಡೆಹಿಡಿಯುವುದರ ಸಾಮಾಜಿಕ ದುಷ್ಪರಿಣಾಮಗಳು ಏಷ್ಯಾದ ಮೌಲ್ಯಗಳಲ್ಲಿ ಬೆಳೆದವರಲ್ಲಿ ಅಷ್ಟು ತೀವ್ರವಾಗಿರುವುದಿಲ್ಲ ಎಂದು ಬಟ್ಲರ್ ಅವರೇ 2007ರಲ್ಲಿ ಕಂಡುಕೊಂಡರು. ಗೌರವದಿಂದ ಮಾತನ್ನು ತಡೆದುಕೊಳ್ಳುವುದು ಬೇರೆ, ಹೆದರಿಕೆಯಿಂದ ಮಾತೇ ಸತ್ತುಹೋಗುವುದು ಬೇರೆ. ನಿಮ್ಮ ಈಗಿನ ಮೌನ ಎರಡನೆಯ ಬಗೆಯದು.

ಇನ್ನು ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ಎರಡನೇ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದೂವರೆಗೆ ನೀವು ಮನೆ ತಲುಪಿದಾಗ, ಅವರು ನಿದ್ದೆ ಮಾಡದೆ ಕಾದಿದ್ದು, ‘ಇವತ್ತು ಮಂಡೀಲಿ ಬಾಕ್ಸು ಎಂಬತ್ತಕ್ಕೆ ಹೋಯ್ತು ಕಣಪ್ಪ’ ಎಂದರೆಂದೂ, ‘ಬೆಳಿ ಅಂತ ನಿನಗೆ ಯಾರು ಹೇಳಿದ್ದು?’ ಎಂದು ನೀವು ತಟ್ಟನೆ ಹೇಳಿ ಒಳಗೆ ಹೋದಿರೆಂದೂ ಬರೆದಿದ್ದೀರಿ. ಅಂದಿನಿಂದ ಅವರು ನಿಮ್ಮ ಮುಂದೆ ಬೆಳೆಯ ಮಾತೆತ್ತಿಲ್ಲ.

ನಮ್ಮ ಜಿಲ್ಲೆಯಲ್ಲಿ ಟೊಮೆಟೊ ಬೆಳೆಯುವ ಮನೆಯೆಂದರೆ ಏನೆಂಬುದು ನಿಮಗೆ ನಾನು ಹೇಳಬೇಕಾದ್ದಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಬಾಕ್ಸು 2,000 ರೂಪಾಯಿ ದಾಟಿ ಹರಾಜಾಯಿತು. ಅದೇ ಮಾರುಕಟ್ಟೆಯಲ್ಲಿ ಬಾಕ್ಸಿಗೆ 100 ರೂಪಾಯಿಯೂ ಹುಟ್ಟದೆ, ಬಿಡಿಸುವ ಕೂಲಿಗೂ ವಾಹನದ ಬಾಡಿಗೆಗೂ ಸಾಲದೆ, ಹಣ್ಣನ್ನು ತೋಟದಲ್ಲಿಯೇ ಬಿಟ್ಟವರನ್ನೂ ನಾವು ಕಂಡಿದ್ದೇವೆ. ಬೆಳೆಗಾರ ಕೊಳವೆಬಾವಿಗೆ, ಗೊಬ್ಬರಕ್ಕೆ, ಔಷಧಿಗೆ ಮಾಡಿದ ಸಾಲವನ್ನು ಈ ಎರಡು ಬೆಲೆಗಳ ನಡುವೆ ಎಲ್ಲೋ ಇಟ್ಟು ಲೆಕ್ಕ ಹಾಕುತ್ತಾನೆ. ಅಂಥವರೊಬ್ಬರು ಹನ್ನೊಂದೂವರೆಯವರೆಗೆ ಎಚ್ಚರವಿದ್ದು ಮಗನಿಗೆ ಬೆಲೆ ಹೇಳಿದರೆ ಅವರು ಸಲಹೆ ಕೇಳುತ್ತಿಲ್ಲ, ಲೆಕ್ಕ ಒಪ್ಪಿಸುತ್ತಲೂ ಇಲ್ಲ. ಆ ದಿನ ಮಂಡಿಯಲ್ಲಿ ನಿಂತು ತಮಗಾದದ್ದನ್ನು ಇನ್ನೊಬ್ಬರ ಕಿವಿಗೆ ಹಾಕಿ ಮಲಗಬೇಕೆಂದುಕೊಂಡಿದ್ದಾರೆ, ಅಷ್ಟೆ. ನಿಮಗೆ ಮೀಟಿಂಗ್‌ನಲ್ಲಿ ಆದದ್ದಕ್ಕೂ ಅವರಿಗೆ ಹರಾಜಿನಲ್ಲಿ ಆದದ್ದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ: ಇಬ್ಬರ ದುಡಿಮೆಗೂ ಇನ್ನೊಬ್ಬರು ಎಲ್ಲರೆದುರು ಬೆಲೆ ಕಟ್ಟಿದ್ದಾರೆ, ಇಬ್ಬರೂ ಅಲ್ಲಿ ಉತ್ತರ ಕೊಡಲಾಗದೆ ಮನೆಗೆ ಬಂದಿದ್ದೀರಿ.

ಆ ಹೊತ್ತಿನಲ್ಲಿ ನೀವು ದೊಡ್ಡ ಸಮಾಧಾನದ ಮಾತುಗಳನ್ನಾಡಬೇಕಿರಲಿಲ್ಲ. ‘ಎಂಬತ್ತಾ? ಹಂಗಾದ್ರೆ ಬಾಡಿಗೆಗೂ ಗಿಟ್ಟಲಿಲ್ವೇನಪ್ಪ?’ ಎಂದು ಚಪ್ಪಲಿ ಬಿಡುತ್ತಲೇ ಕೇಳಿದ್ದರೆ ಸಾಕಿತ್ತು. ಕೇಳಿಸಿಕೊಂಡೆ ಎಂಬುದು ಅವರಿಗೆ ಗೊತ್ತಾಗುತ್ತಿತ್ತು. ಇನ್ನೊಬ್ಬರ ಭಾವನೆಯನ್ನು ಗುರುತಿಸುವುದೆಂದರೆ ಅವರ ಮನಸ್ಸನ್ನು ಓದಿಬಿಡುವ ಸಿದ್ಧಿಯಲ್ಲ. ಬಹಳ ಸಲ ಅದು ಒಂದು ಸಣ್ಣ ಪ್ರಶ್ನೆಯನ್ನು ಕೇಳಿ, ಉತ್ತರ ಬರುವವರೆಗೆ ಕಾಯುವ ತಾಳ್ಮೆ. ಈಗಲೂ ಕಾಲ ಮಿಂಚಿಲ್ಲ. ವಾರದ ರಜೆಯ ದಿನವೊಂದರಲ್ಲಿ ಅವರ ಜೊತೆ ಬೆಳಗಿನ ಹರಾಜಿಗೆ ನೀವೂ ಹೋಗಿ. ಏನನ್ನೂ ಸರಿಪಡಿಸಲು ಹೋಗಬೇಡಿ, ಜೊತೆಗಿದ್ದು ನೋಡಿ ಬನ್ನಿ. ತಂದೆ ಮಕ್ಕಳ ನಡುವೆ ಮುನಿಸು ಮುರಿಯಲು ಎದುರುಬದುರು ಕುಳಿತು ಆಡುವ ಮಾತಿಗಿಂತ ಅಕ್ಕಪಕ್ಕ ನಿಂತು ಮಾಡುವ ಕೆಲಸ ಹೆಚ್ಚು ಒದಗಿ ಬರುತ್ತದೆ ಎಂಬುದು ನನ್ನ ಅನುಭವ.

ಈ ವಯಸ್ಸಿನಲ್ಲಿ ಕಲಿಯಬಹುದೇ ಎಂದು ಕೇಳಿದ್ದೀರಿ. ಖಂಡಿತವಾಗಿಯೂ ಕಲಿಯಬಹುದು. ವಯಸ್ಕರಿಗೆ ನೀಡಿದ ತರಬೇತಿಗಳ ಬಗೆಗಿನ 50ಕ್ಕೂ ಹೆಚ್ಚು ಅಧ್ಯಯನಗಳನ್ನು 2019ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ತರಬೇತಿಯಿಂದ ಮಧ್ಯಮ ಪ್ರಮಾಣದ ಸುಧಾರಣೆ ಆಗುತ್ತದೆಂದು ಕಂಡುಬಂತು. ಆದರೆ ಅರ್ಧ ದಿನದ ಭಾಷಣ ಕೇಳಿ ಬರುವ ಕಲಿಕೆ ಇದಲ್ಲ. ನಿಮಗೆ ನಾನು ಸೂಚಿಸುವ ಅಭ್ಯಾಸ ಬಹಳ ಸರಳ, ಆದರೆ ಅದನ್ನು ಕೆಲವು ತಿಂಗಳು ಬಿಡದೆ ನಡೆಸಬೇಕು. ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಕುಳಿತ ಮೇಲೆ ಫೋನ್ ತೆಗೆಯುವ ಮೊದಲು, ಆ ದಿನ ಮನಸ್ಸು ಕದಡಿದ ಒಂದು ಗಳಿಗೆಯನ್ನು ನೆನೆದು, ಆಗ ಮೈಯಲ್ಲಿ ಏನಾಯಿತು, ಅದಕ್ಕೆ ಸಲ್ಲುವ ಹೆಸರು ಯಾವುದು, ಅದು ನಿಜವಾಗಿ ಎಷ್ಟು ಗಂಟೆಗೆ ಶುರುವಾಯಿತು ಎಂಬಿಷ್ಟನ್ನು ನಿಮಗೆ ಸುಲಭವಾದ ಭಾಷೆಯಲ್ಲಿ ಒಂದೆರಡು ಸಾಲು ಬರೆದುಕೊಳ್ಳಿ. ಮೂರನೆಯದನ್ನು ಮರೆಯಬೇಡಿ. ಎರಡು ಗಂಟೆಯ ಸಿಟ್ಟು ಹತ್ತು ಗಂಟೆಗೆ ಹುಟ್ಟಿದ್ದೆಂದು ಎರಡು ಮೂರು ಸಲ ಕಂಡುಕೊಂಡ ಮೇಲೆ, ಮುಂದೆ ಹತ್ತು ಗಂಟೆಗೇ ಅದು ನಿಮ್ಮ ಗಮನಕ್ಕೆ ಬರತೊಡಗುತ್ತದೆ. ಆಗ ಮಾಡಬಹುದಾದ ಕೆಲಸಗಳು ಎಷ್ಟೋ ಇರುತ್ತವೆ: ಮೀಟಿಂಗ್ ಮುಗಿದ ಮೇಲೆ ಮ್ಯಾನೇಜರ್ ಬಳಿ ಒಬ್ಬರೇ ಹೋಗಿ ಕನ್ನಡದಲ್ಲಿಯೇ ಕಾರಣ ವಿವರಿಸಬಹುದು, ಊಟ ಬಿಡದಿರಬಹುದು, ‘ಇವತ್ತು ನನ್ನ ತಲೆ ಸರಿಯಿಲ್ಲ, ಶಿಫ್ಟ್ ಹಸ್ತಾಂತರ ಸ್ವಲ್ಪ ನೋಡಿಕೊಳ್ಳಿ’ ಎಂದು ಸಹೋದ್ಯೋಗಿಗೆ ಹೇಳಬಹುದು. ಎರಡು ಗಂಟೆಗೆ ಆ ಹುಡುಗ ಎದುರು ಬಂದು ನಿಂತಾಗ ಇವು ಯಾವುದಕ್ಕೂ ಸಮಯವಿರುವುದಿಲ್ಲ.

ಬಹಳ ದಿನಗಳಿಂದ ಕಾಡುತ್ತಿರುವ ವಿಷಯವಿದ್ದರೆ, ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಅಧ್ಯಯನ ಮಾಡಿದ ಕ್ರಮವನ್ನು ಅನುಸರಿಸಬಹುದು: ಮೂರು ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ, ಯಾರಿಗೂ ತೋರಿಸುವ ಉದ್ದೇಶವಿಲ್ಲದೆ, ಅಕ್ಷರ ತಪ್ಪಿನ ಗೊಡವೆಯಿಲ್ಲದೆ ಮನಸ್ಸಿನಲ್ಲಿರುವುದನ್ನೆಲ್ಲ ಬರೆದು ಮುಗಿಸುವುದು.

ನಿದ್ದೆಯ ಬಗ್ಗೆಯೂ ಹೇಳಬೇಕು. 2007ರ ಅಧ್ಯಯನವೊಂದರಲ್ಲಿ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರು ಅಹಿತಕರ ಚಿತ್ರಗಳನ್ನು ನೋಡಿದಾಗ ಅಮಿಗ್ಡಲದ ಪ್ರತಿಕ್ರಿಯೆ, ನಿದ್ದೆ ಮಾಡಿದವರಿಗಿಂತ ಸುಮಾರು ಶೇಕಡಾ 60ರಷ್ಟು ಹೆಚ್ಚಾಗಿತ್ತು. ವಾರಕ್ಕೊಮ್ಮೆ ಶಿಫ್ಟ್ ಬದಲಾಗುವ ನಿಮ್ಮಂಥವರಲ್ಲಿ ಎಷ್ಟೋ ಸಲ ‘ಮುಂಗೋಪ’ ಎನ್ನಿಸಿಕೊಳ್ಳುವುದು ನಿದ್ದೆಯ ಕೊರತೆಯೇ ಆಗಿರುತ್ತದೆ. ರಾತ್ರಿ ಪಾಳಿಯ ಮರುದಿನ ಮನೆಯಲ್ಲಿ ಯಾವ ದೊಡ್ಡ ಮಾತನ್ನೂ ಎತ್ತಬೇಡಿ. ಸಾಲದ ಮಾತು, ಜಮೀನಿನ ಮಾತು, ಮಗುವಿನ ಶಾಲೆಯ ಮಾತು ಎಲ್ಲವೂ ಒಂದು ದಿನ ಕಾಯಲಿ.

ನಡೆದ ಘಟನೆಗೆ ನಾವು ಕೊಟ್ಟುಕೊಂಡ ಅರ್ಥವನ್ನು ಮರಳಿ ಪರಿಶೀಲಿಸುವ ವಿಧಾನವನ್ನೂ ಗ್ರಾಸ್ ವಿವರಿಸಿದ್ದಾರೆ. ಆಗುವುದೆಲ್ಲ ಒಳ್ಳೆಯದಕ್ಕೇ ಎಂದು ಮನಸ್ಸನ್ನು ನಂಬಿಸುವುದು ಅದಲ್ಲ. ‘ಹುಡುಗನಿಗೆ ನನ್ನ ಮೇಲೆ ಲಕ್ಷ್ಯವಿಲ್ಲ’ ಎಂಬುದು ಒಂದು ಅರ್ಥ. ‘ಅವನ ಊರಿಂದ ಆ ಹೊತ್ತಿಗೆ ಇರುವುದು ಒಂದೇ ಬಸ್ಸು’ ಎಂಬುದು ಇನ್ನೊಂದು ಅರ್ಥ. ಯಾವುದು ನಿಜವೆಂದು ವಿಚಾರಿಸುವವರೆಗೆ ಎರಡಕ್ಕೂ ಮನಸ್ಸಿನಲ್ಲಿ ಜಾಗ ಕೊಡುವುದಷ್ಟೇ ಇಲ್ಲಿ ಬೇಕಾಗಿರುವುದು. ಈ ಕ್ರಮವನ್ನು ರೂಢಿಸಿಕೊಂಡವರು ನುಂಗುವುದನ್ನು ರೂಢಿಸಿಕೊಂಡವರಿಗಿಂತ ಹೆಚ್ಚು ನೆಮ್ಮದಿಯಿಂದಿರುತ್ತಾರೆ, ಅವರ ಸಂಬಂಧಗಳೂ ಹೆಚ್ಚು ಹತ್ತಿರದವಾಗಿರುತ್ತವೆ ಎಂದು 2003ರಲ್ಲಿ ಗ್ರಾಸ್ ಮತ್ತು ಆಲಿವರ್ ಜಾನ್ ತೋರಿಸಿದರು.

ಆ ಟ್ರೈನಿಯ ಫೋನ್ ನಂಬರ್ ನಿಮ್ಮಲ್ಲಿದ್ದರೆ ಅವನಿಗೊಂದು ಕರೆ ಮಾಡಿ. ನಿಮ್ಮ ಬೆಳಗಿನ ಮೀಟಿಂಗ್‌ನ ಕಥೆ ಅವನಿಗೆ ಬೇಡ, ಅದು ಸಬೂಬಿನಂತೆ ಕೇಳಿಸುತ್ತದೆ. ‘ಲೇಟಾಗಿ ಬಂದಿದ್ದು ತಪ್ಪೇ ಕಣಪ್ಪ, ಆದ್ರೆ ಅದನ್ನ ನಾನು ಪಕ್ಕಕ್ಕೆ ಕರೆದು ಹೇಳ್ಬೇಕಿತ್ತು. ಎಲ್ಲರ ಮುಂದೆ ಹಂಗೆ ಕೂಗಬಾರದಿತ್ತು’ ಎಂದಷ್ಟೇ ಹೇಳಿ, ಅವನು ಏನಾದರೂ ಹೇಳುವುದಿದ್ದರೆ ಕೇಳಿಸಿಕೊಳ್ಳಿ. ಅವನು ಮರಳಿ ಕೆಲಸಕ್ಕೆ ಬರುತ್ತಾನೋ ಇಲ್ಲವೋ ಎಂಬುದು ಬೇರೆ ಮಾತು. ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ತನ್ನ ಮೊದಲ ಕೆಲಸದಲ್ಲಿ ಆದ ಅವಮಾನವನ್ನು ಮುಂದಿನ ಕೆಲಸಕ್ಕೂ ಹೊತ್ತುಕೊಂಡು ಹೋಗದಂತೆ ಮಾಡುವುದು ನಿಮ್ಮ ಕೈಯಲ್ಲಿದೆ.

ನಿಮ್ಮ ಮೇಲಧಿಕಾರಿಗಳ ಪಾಲನ್ನೂ ಮರೆಯುವಂತಿಲ್ಲ. ಭಾವನೆಗಳನ್ನು ಹದ್ದುಬಸ್ತಿನಲ್ಲಿಟ್ಟು ದುಡಿಯುವುದೂ ಒಂದು ಶ್ರಮವೇ ಎಂದು ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ 1983ರಲ್ಲಿಯೇ ಹೇಳಿದರು. ಆ ಶ್ರಮಕ್ಕೆ ಸಂಬಳದ ಚೀಟಿಯಲ್ಲಿ ಜಾಗವಿಲ್ಲ. ಎರಡು ವಾರ ಫಿಕ್ಸ್ಚರ್ ಬದಲಾಯಿಸದೆ ಇದ್ದು, ಅದರ ಪರಿಣಾಮಕ್ಕೆ ನಿಮ್ಮನ್ನು ಎಲ್ಲರೆದುರು ನಿಲ್ಲಿಸಿ, ಕೊನೆಗೆ ನಿಮ್ಮ ಭಾವನಾತ್ಮಕ ಬುದ್ಧಿಮತ್ತೆ ಕಡಿಮೆ ಎನ್ನುವುದು ನ್ಯಾಯವಲ್ಲ. ಎಲ್ಲರಿಗೂ ಕನ್ನಡ ಬರುವ ಲೈನಿನ ಮೀಟಿಂಗನ್ನು ಇಂಗ್ಲಿಷಿನಲ್ಲಿ ನಡೆಸಿ, ತಡವರಿಸಿದವರನ್ನು ಆತ್ಮವಿಶ್ವಾಸವಿಲ್ಲದವರೆಂದು ತೀರ್ಮಾನಿಸುವುದೂ ಸರಿಯಲ್ಲ. ಆದ್ದರಿಂದ ಬಡ್ತಿಯ ವಿಷಯವನ್ನು ಅಲ್ಲಿಗೇ ಬಿಡಬೇಡಿ. ಎಚ್‌ಆರ್ ವಿಭಾಗಕ್ಕೆ ಹೋಗಿ, ನಿಮ್ಮ ಬಗ್ಗೆ ಆ ಅಭಿಪ್ರಾಯಕ್ಕೆ ಕಾರಣವಾದ ಘಟನೆಗಳು ಯಾವುವು, ಮುಂದಿನ ಮೌಲ್ಯಮಾಪನದ ಹೊತ್ತಿಗೆ ಯಾವ ನಡೆಯಲ್ಲಿ ಬದಲಾವಣೆ ಕಾಣಬೇಕೆಂದು ಬಯಸುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹಾಗೆ ಕೇಳುವುದು ಎದುರುತ್ತರವಲ್ಲ. ‘ಎಮೋಷನಲ್ ಇಂಟೆಲಿಜೆನ್ಸ್ ಕಡಿಮೆ’ ಎಂಬ ಮಾತನ್ನು ತಿದ್ದಿಕೊಳ್ಳಲಾಗದು, ‘ಶಿಫ್ಟ್ ಹಸ್ತಾಂತರದಲ್ಲಿ ಕೂಗಾಡಿದಿರಿ’ ಎಂಬುದನ್ನು ತಿದ್ದಿಕೊಳ್ಳಬಹುದು.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ನಿದ್ದೆ ಊಟ ಕೆಡುವುದು, ಸಿಟ್ಟು ಇಳಿಸಲು ಕುಡಿತದ ಮೊರೆಹೋಗುವುದು, ಬದುಕೇ ಬೇಡವೆನ್ನಿಸುವುದು ಇವುಗಳಲ್ಲಿ ಯಾವುದಾದರೂ ನಿಮಗಾಗಲಿ ನಿಮ್ಮ ತಂದೆಯವರಿಗಾಗಲಿ ಇದ್ದರೆ ಅದು ಕೌಶಲದ ಕೊರತೆಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಬೆಳೆ ನೆಲಕಚ್ಚಿದ ರೈತನ ಮೌನವನ್ನು ಮನೆಯವರು ಸ್ವಭಾವವೆಂದು ಭಾವಿಸಿ ಸುಮ್ಮನಿರಬಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಕೊನೆಯದಾಗಿ ಆನ್‌ಲೈನ್ ಪರೀಕ್ಷೆ. ಆ ಹಣವನ್ನು ಉಳಿಸಿಕೊಳ್ಳಿ. ‘ನಾನು ಇತರರ ಭಾವನೆಗಳನ್ನು ಚೆನ್ನಾಗಿ ಅರಿಯುತ್ತೇನೆ’ ಎಂಬಂಥ ವಾಕ್ಯಗಳಿಗೆ ಹೌದು, ಇಲ್ಲ ಎಂದು ಗುರುತು ಹಾಕಿಸುವ ಪರೀಕ್ಷೆಗಳು ನಮ್ಮ ಸಾಮರ್ಥ್ಯವನ್ನು ಅಳೆಯುವುದಕ್ಕಿಂತ ನಮ್ಮ ಬಗ್ಗೆ ನಮಗಿರುವ ಅಭಿಪ್ರಾಯವನ್ನು ಅಳೆಯುತ್ತವೆ, ಮತ್ತು ಸಾಮರ್ಥ್ಯವನ್ನೇ ಅಳೆಯುವ ಪರೀಕ್ಷೆಗಳ ಫಲಿತಾಂಶಕ್ಕೂ ಇವುಗಳ ಫಲಿತಾಂಶಕ್ಕೂ ಹೊಂದಿಕೆ ಬಹಳ ಕಡಿಮೆ. ಈ ಕೌಶಲದಲ್ಲಿ ಅತ್ಯಂತ ಹಿಂದಿರುವವರೇ ತಮ್ಮ ಬಗ್ಗೆ ಅತಿಯಾಗಿ ಎಣಿಸಿಕೊಂಡಿರುತ್ತಾರೆ, ಸುಧಾರಿಸಿಕೊಳ್ಳುವ ಆಸಕ್ತಿಯೂ ಅವರಿಗೇ ಕಡಿಮೆ ಎಂದು 2014ರ ಅಧ್ಯಯನವೊಂದು ತೋರಿಸಿದೆ. ಪರೀಕ್ಷೆಯ ಬದಲು, ನಿಮ್ಮ ಹೆಂಡತಿಯನ್ನು ಮತ್ತು ಲೈನಿನಲ್ಲಿ ನಿಮ್ಮ ಜೊತೆ ಹಲವು ವರ್ಷ ಕೆಲಸ ಮಾಡಿದ ಒಬ್ಬರನ್ನು ಬೇರೆ ಬೇರೆಯಾಗಿ ಕೇಳಿ: ನನ್ನ ಹತ್ತಿರ ಯಾವ ವಿಷಯ ಎತ್ತಲು ನಿಮಗೆ ಹಿಂಜರಿಕೆಯಾಗುತ್ತದೆ? ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ, ಸಮಜಾಯಿಷಿ ಕೊಡಬೇಡಿ. ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಟ್ಟುಕೊಂಡು, ಆರು ತಿಂಗಳ ನಂತರ ಅವರಿಬ್ಬರನ್ನೇ ಮತ್ತೊಮ್ಮೆ ಕೇಳಿ.